ಮುಂಬೈಯ ಅವಸರ ಜನರದ್ದೋ, ನೆಲದ್ದೋ?

ಪ್ರಶ್ನೆ: ನಾನು ಚಿತ್ರದುರ್ಗದ ಪದವಿಪೂರ್ವ ಕಾಲೇಜೊಂದರಲ್ಲಿ ಉಪನ್ಯಾಸಕಿ. ಇಪ್ಪತ್ಮೂರು ವರ್ಷದ ಮಗಳಿಗೆ ಮುಂಬೈಯಲ್ಲಿ ಕೆಲಸ ಸಿಕ್ಕಿದ್ದರಿಂದ ಮೊದಲ ಬಾರಿಗೆ ಆ ಊರಿಗೆ ಹೋಗಿ, ಒಂದು ವಾರ ಇದ್ದು ಬಂದೆ. ದಾದರ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ನನ್ನನ್ನು ಮೊಣಕೈಯಿಂದ ತಳ್ಳಿ ರೈಲು ಹತ್ತಿದಳು. ಮರುಕ್ಷಣ ಅವಳೇ ನನ್ನ ಕೈಹಿಡಿದು ಒಳಗೆಳೆದುಕೊಂಡು, ಸರಿದು ಕೂತು ಜಾಗ ಮಾಡಿಕೊಟ್ಟಳು. ಮೂವತ್ತು ಮಹಡಿಯ ಕಟ್ಟಡದ ಕಾಂಪೌಂಡಿಗೆ ಆತುಕೊಂಡೇ ತಗಡಿನ ಮನೆಗಳಿವೆ. ಒಂದು ಸಂಜೆ ಮರೈನ್ ಡ್ರೈವ್‌ಗೆ ಹೋಗಿ ಕೂತಿದ್ದೆವು. ಎಲ್ಲಿ ಹೋದರೂ ಸಮುದ್ರ ಕಾಣುತ್ತದೆ, ಆದರೆ ಕಾಲು ಅದ್ದಲು ಮನಸ್ಸಾಗದಂಥ ನೀರು. ಮಗಳು ಪೇಯಿಂಗ್ ಗೆಸ್ಟ್ ಆಗಿರುವ ಮನೆಯಲ್ಲಿ ನಲ್ಲಿ ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ಅಲ್ಲಿ ಯಾರೂ ಮುಖ ನೋಡುವುದಿಲ್ಲ. ಆ ಊರಿನವರು ಕಲ್ಲೆದೆಯವರೋ ಒಳ್ಳೆಯವರೋ ನನಗೆ ಗೊತ್ತಾಗಲಿಲ್ಲ. ನಾನು ಕಂಡದ್ದು ನಿಜವೇ, ಅಥವಾ ಹೊರಗಿನವಳ ಕಣ್ಣಿಗೆ ಹಾಗೆ ಕಂಡಿತೇ? ಮಗಳನ್ನು ಅಲ್ಲಿ ಧೈರ್ಯವಾಗಿ ಬಿಡಬಹುದೇ?

ಉತ್ತರ: ನೀವು ಕಂಡದ್ದು ನಿಜ. ಆದರೆ ಅದರ ಕಾರಣವನ್ನು ನೀವು ಜನರ ಸ್ವಭಾವದಲ್ಲಿ ಹುಡುಕುತ್ತಿದ್ದೀರಿ. ನಗರ ಯೋಜನೆಯನ್ನು ಓದಿ, ಆ ಊರಿನಲ್ಲೇ ಬಹಳ ಕಾಲ ಕೆಲಸ ಮಾಡಿದವನಾಗಿ ನಾನು ಮೊದಲು ನಕ್ಷೆಯ ಕಡೆಗೆ ಬೆರಳು ತೋರಿಸುತ್ತೇನೆ.

ಮುಂಬೈ ನೋಡಿ ಬಂದವರಲ್ಲಿ ಎರಡು ಪಂಗಡ. ಒಂದು ಪಂಗಡದವರು ‘ಅಲ್ಲಿ ಮನುಷ್ಯನಿಗೆ ಬೆಲೆಯೇ ಇಲ್ಲ’ ಎನ್ನುತ್ತಾರೆ. ಇನ್ನೊಂದು ಪಂಗಡದವರು ‘ಮುಂಬೈಯ ಛಲವೇ ಛಲ’ ಎಂದು ಹಾಡಿ ಹೊಗಳುತ್ತಾರೆ. ಎರಡನೆಯವರ ಮೇಲೆ ನನಗೆ ಹೆಚ್ಚು ಸಿಟ್ಟು. ಊರು ಮುಳುಗಿದ ಮರುದಿನ ಜನ ಕಚೇರಿಗೆ ಹೋದರೆ ಅದನ್ನು ಶೌರ್ಯವೆಂದು ಪತ್ರಿಕೆಗಳು ಬರೆಯುತ್ತವೆ. ಹೋಗದಿದ್ದರೆ ಆ ದಿನದ ಕೂಲಿ ಇಲ್ಲವೆಂಬುದನ್ನು ಬರೆಯುವುದಿಲ್ಲ.

ಇಂದಿನ ದಕ್ಷಿಣ ಮುಂಬೈ ಒಂದು ಕಾಲಕ್ಕೆ ಏಳು ದ್ವೀಪಗಳಾಗಿತ್ತು: ಕೊಲಾಬಾ, ಪುಟ್ಟ ಕೊಲಾಬಾ, ಬಾಂಬೆ, ಮಜಗಾಂವ್, ಪರೇಲ್, ವರ್ಲಿ, ಮಾಹಿಮ್. 1661ರಲ್ಲಿ ಪೋರ್ಚುಗೀಸ್ ರಾಜಕುಮಾರಿಯ ಮದುವೆಯ ಒಪ್ಪಂದದಲ್ಲಿ ಇದು ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ನ ಪಾಲಿಗೆ ಬಂತು. ಅವನು 1668ರಲ್ಲಿ ವರ್ಷಕ್ಕೆ ಹತ್ತು ಪೌಂಡ್ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿಬಿಟ್ಟ. ಆಮೇಲಿನ ಮುನ್ನೂರು ವರ್ಷಗಳ ಕಥೆಯೆಲ್ಲ ಸಮುದ್ರಕ್ಕೆ ಮಣ್ಣು ಸುರಿದ ಕಥೆ. ಮಹಾಲಕ್ಷ್ಮಿ ಮತ್ತು ವರ್ಲಿಯ ನಡುವೆ ನುಗ್ಗುತ್ತಿದ್ದ ಕಡಲನ್ನು ಹದಿನೆಂಟನೇ ಶತಮಾನದಲ್ಲಿ ಒಡ್ಡು ಹಾಕಿ ತಡೆದರು. ಮಾಹಿಮ್ ಮತ್ತು ಬಾಂದ್ರಾ ನಡುವಿನ ದಾರಿ 1845ರಲ್ಲಿ ಆಯಿತು. ಅದಕ್ಕೆ ಹಣ ಕೊಟ್ಟವರು ಜಮ್ಶೆಟ್‌ಜೀ ಜೀಜೀಭಾಯಿಯವರ ಪತ್ನಿ ಅವಾಬಾಯಿ. ನೀವು ಸಂಜೆ ಹೋಗಿ ಕೂತಿದ್ದ ಮರೈನ್ ಡ್ರೈವ್ ಕೂಡ ಕಡಲನ್ನು ತುಂಬಿಸಿ ಮಾಡಿದ ನೆಲವೇ. ಅದರ ತುದಿಯ ನರಿಮನ್ ಪಾಯಿಂಟ್ ಇನ್ನೂ ಈಚಿನದು.

ಇಷ್ಟೆಲ್ಲ ತುಂಬಿಸಿದ ಮೇಲೂ ಸಿಕ್ಕಿದ್ದು ಉತ್ತರ–ದಕ್ಷಿಣವಾಗಿ ಚಾಚಿದ ಒಂದು ಸಣ್ಣ ಪಟ್ಟಿ. ಕೊಲಾಬಾದಿಂದ ಮಾಹಿಮ್–ಸಯನ್‌ವರೆಗಿನ ಹಳೆಯ ನಗರದ ಅಗಲ ನಾಲ್ಕೈದು ಕಿಲೋಮೀಟರ್ ಅಷ್ಟೇ. ಬಂದರು ಇದ್ದದ್ದು ದಕ್ಷಿಣದ ತುದಿಯಲ್ಲಿ. ಆದ್ದರಿಂದ ಕೋಟೆ, ಬ್ಯಾಂಕು, ನ್ಯಾಯಾಲಯ, ಷೇರುಪೇಟೆ, ಸಚಿವಾಲಯ ಎಲ್ಲವೂ ಅಲ್ಲೇ ಬೇರೂರಿದವು. ಮನೆ ಕಟ್ಟಲು ಉಳಿದದ್ದು ಉತ್ತರ ದಿಕ್ಕೊಂದೇ. ನಮ್ಮ ಬೆಂಗಳೂರು ಕಾವಲಿಯ ಮೇಲೆ ಹೊಯ್ದ ದೋಸೆ ಹಿಟ್ಟಿನ ಹಾಗೆ ನಾಲ್ಕೂ ಕಡೆ ಹರಡಿತು. ಮುಂಬೈಗೆ ಆ ಭಾಗ್ಯವಿರಲಿಲ್ಲ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಬಂದರು ಮತ್ತು ಥಾಣೆಯ ಖಾರಿ, ಉತ್ತರದ ಉಪನಗರಗಳ ನಟ್ಟನಡುವೆ ನೂರು ಚದರ ಕಿಲೋಮೀಟರಿಗೂ ದೊಡ್ಡದಾದ, ಚಿರತೆಗಳಿರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. 2011ರ ಜನಗಣತಿಯ ಪ್ರಕಾರ ಬೃಹನ್ಮುಂಬೈಯಲ್ಲಿ 1.24 ಕೋಟಿ ಜನ. ಅಷ್ಟು ಜನ ಬೆಳಿಗ್ಗೆ ಒಂದೇ ದಿಕ್ಕಿಗೆ ಹೊರಟು ಸಂಜೆ ಅದೇ ದಾರಿಯಲ್ಲಿ ಹಿಂದಿರುಗಬೇಕೆಂದರೆ ಏನಾಗುತ್ತದೆಯೋ ಅದನ್ನೇ ನೀವು ದಾದರ್‌ನಲ್ಲಿ ಮೊಣಕೈ ಮೂಲಕ ಅನುಭವಿಸಿದ್ದೀರಿ.

ಈಗ ಆ ಹೆಂಗಸಿನ ವಿಷಯ. ಅದೇ ನಿಮ್ಮ ಪತ್ರದ ತಿರುಳು, ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಈ ದೇಶದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಓಡಿತು. ಮೊದಲ ವಿದ್ಯುತ್ ರೈಲು 1925ರ ಫೆಬ್ರುವರಿಯಲ್ಲಿ ಓಡಿದ್ದೂ ಇಲ್ಲೇ, ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ. ಇಂದು ಪಶ್ಚಿಮ, ಮಧ್ಯ, ಹಾರ್ಬರ್ ಎಂಬ ಮೂರು ಮುಖ್ಯ ಮಾರ್ಗಗಳೇ ಊರಿನ ಬೆನ್ನುಮೂಳೆ. ಕೊರೋನಾಕ್ಕೆ ಮುಂಚೆ ದಿನಕ್ಕೆ ಸುಮಾರು 75 ಲಕ್ಷ ಜನ ಇವುಗಳಲ್ಲಿ ಓಡಾಡುತ್ತಿದ್ದರು. ದಟ್ಟಣೆಯ ಹೊತ್ತಿನಲ್ಲಿ ಒಂದು ಚದರ ಮೀಟರ್ ಜಾಗದಲ್ಲಿ ಹದಿನಾಲ್ಕರಿಂದ ಹದಿನಾರು ಜನ ನಿಂತಿರುತ್ತಾರೆ. ಈ ಸ್ಥಿತಿಯನ್ನು ಸೂಚಿಸಲು ರೈಲ್ವೆಯವರೇ ‘ಸೂಪರ್ ಡೆನ್ಸ್ ಕ್ರಶ್ ಲೋಡ್’ ಎಂಬ ಹೆಸರನ್ನು ಟಂಕಿಸಿಕೊಂಡಿದ್ದಾರೆ. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಮೀಟರಿನ ಚೌಕ ಬರೆದು ನಿಮ್ಮ ತರಗತಿಯ ಹದಿನಾಲ್ಕು ವಿದ್ಯಾರ್ಥಿಗಳನ್ನು ಅದರೊಳಗೆ ನಿಲ್ಲಿಸಿ ನೋಡಿ.

ಲೋಕಲ್ ರೈಲು ಒಂದು ನಿಲ್ದಾಣದಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದು ಅಪರೂಪ. ಆ ಅವಧಿಯಲ್ಲಿ ಒಳಗಿನವರು ಇಳಿಯಬೇಕು, ಹೊರಗಿನವರು ಹತ್ತಬೇಕು. ‘ಮೊದಲು ನೀವು ಹತ್ತಿ’ ಎಂದು ಒಬ್ಬಳು ಸೌಜನ್ಯ ತೋರಿಸಿದರೆ ಅವಳ ಹಿಂದಿನ ಹತ್ತು ಜನರಿಗೆ ರೈಲು ತಪ್ಪುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ನೀವು ಅಡ್ಡ ನಿಂತಿದ್ದಿರಿ, ಅವಳು ತಳ್ಳಿದಳು. ಒಳಗೆ ಬಂದ ಮೇಲೆ ಹಾಗೆ ಅವಸರಪಡುವ ಕಾರಣ ಉಳಿಯಲಿಲ್ಲ, ಅವಳೇ ಕೈಹಿಡಿದಳು. ಎರಡೂ ಒಂದೇ ಮನಸ್ಸಿನ ಕೆಲಸ. ಬಾಗಿಲ ಆಚೆ ಒಂದು ಕಾನೂನು, ಈಚೆ ಇನ್ನೊಂದು.

ಒಳಗಿನ ಕಾನೂನು ಎಲ್ಲಿಯೂ ಬರೆದಿಲ್ಲ, ಆದರೆ ಎಲ್ಲರಿಗೂ ಬಾಯಿಪಾಠ. ಮೂವರು ಕೂರುವ ಆಸನದಲ್ಲಿ ನಾಲ್ಕನೆಯವರಿಗೂ ಹಕ್ಕಿದೆ. ‘ಫೋರ್ತ್ ಸೀಟ್’ ಎಂದೇ ಅದಕ್ಕೆ ಹೆಸರು. ಅಂಚಿಗೆ ಒಂದು ತೊಡೆ ಊರಿ, ಇನ್ನೊಂದು ಕಾಲನ್ನು ಓಣಿಯಲ್ಲಿ ಕೊಟ್ಟು ಕೂರುವ ಭಂಗಿ ಅದು. ನಿಂತವರು ಬಂದು ಕೈಸನ್ನೆ ಮಾಡಿದರೆ ಸಾಕು, ಮೂವರೂ ಮೊಬೈಲಿನಿಂದ ತಲೆ ಎತ್ತದೆ ಸರಿಯುತ್ತಾರೆ. ನಿಮಗೆ ಸಿಕ್ಕಿದ್ದು ಈ ನಾಲ್ಕನೆಯ ಜಾಗವೇ ಇರಬೇಕು. ಮಹಿಳಾ ಬೋಗಿಯಲ್ಲಿ ಹತ್ತಿದ ಕೂಡಲೇ ಕೂತವರನ್ನು ‘ಎಲ್ಲಿ ಇಳಿಯುತ್ತೀರಿ’ ಎಂದು ಕೇಳುವ ಪದ್ಧತಿಯಿದೆ. ಕೂತವಳು ‘ಅಂಧೇರಿ’ ಎಂದರೆ, ಅಂಧೇರಿಯಲ್ಲಿ ಆ ಜಾಗ ಕೇಳಿದವಳದು. ಅದನ್ನು ಮೀರಿ ಬೇರೊಬ್ಬರು ಕೂತರೆ ಇಡೀ ಬೋಗಿಯೇ ತೀರ್ಪು ಕೊಡುತ್ತದೆ. ಇಳಿಯುವವರು ಎರಡು ನಿಲ್ದಾಣ ಮುಂಚಿತವಾಗಿಯೇ ಎದ್ದು ಬಾಗಿಲ ಕಡೆಗಿನ ಸಾಲು ಸೇರಬೇಕು. ಬೊರಿವಲಿಯಲ್ಲಿ ಇಳಿಯುವವರು ವಿರಾರ್ ಫಾಸ್ಟ್ ಹತ್ತಿದರಂತೂ ಮುಗಿಯಿತು. ದೂರ ಹೋಗುವ ವಿರಾರ್‌ನವರು ದಾರಿ ಬಿಡುವುದಿಲ್ಲ. ಇದು ಕೇಳಲು ಒರಟಾಗಿದ್ದರೂ ಅದರ ಹಿಂದೆ ಲೆಕ್ಕವಿದೆ. ಹತ್ತಿರದ ಊರಿನವರಿಗೆ ಬೇರೆ ರೈಲುಗಳಿವೆ, ವಿರಾರ್‌ನವರಿಗೆ ಇದೊಂದೇ.

ಅದೇ ಬೋಗಿಯಲ್ಲಿ ಸಂಜೆ ನೀವು ಬೀನ್ಸ್ ಬಿಡಿಸುವವರನ್ನು, ಮೆಂತ್ಯ ಸೊಪ್ಪು ಸೋಸುವವರನ್ನು, ಕಿವಿಯೋಲೆ ಮಾರುವ ಹುಡುಗಿಯ ಬಳಿ ಐದು ರೂಪಾಯಿಗೆ ಚೌಕಾಸಿ ಮಾಡುವವರನ್ನು ಕಂಡಿರಬಹುದು. ದಸರೆಯ ಹೊತ್ತಿಗೆ ನಿತ್ಯದ ಪ್ರಯಾಣಿಕರು ತಮ್ಮ ಬೋಗಿಗೆ ಹೂಮಾಲೆ ಕಟ್ಟಿ ಪೂಜೆ ಮಾಡುತ್ತಾರೆ. ಒಂದೇ ರೈಲು, ಒಂದೇ ಬೋಗಿ, ಒಂದೇ ಮೂಲೆಯಲ್ಲಿ ಇಪ್ಪತ್ತು ವರ್ಷ ಜೊತೆಗೆ ಪ್ರಯಾಣ ಮಾಡಿದವರು ಮಕ್ಕಳ ಮದುವೆಗೆ ಪರಸ್ಪರ ಹೋಗಿಬರುವುದು ಅಲ್ಲಿ ಮಾಮೂಲು. ನಿಮ್ಮತ್ತ ಯಾರೂ ನೋಡಲಿಲ್ಲವೆಂದರೆ ಕಾರಣ ಸರಳ: ನೀವು ಆ ರೈಲಿಗೆ ಹೊಸಬರು.

ಮನೆಯ ಊಟದ ಡಬ್ಬಿಯನ್ನು ಕಚೇರಿಗೆ ತಲುಪಿಸುವ ಡಬ್ಬಾವಾಲಾಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ, ನಾನು ಒಂದೇ ಮಾತು ಸೇರಿಸುತ್ತೇನೆ. 1890ರಲ್ಲಿ ಶುರುವಾದ ಆ ವ್ಯವಸ್ಥೆಯನ್ನು ಅವರ ಜಾಣ್ಮೆಯ ಜೊತೆಗೆ ಊರಿನ ಆಕಾರವೂ ಕಾಪಾಡಿತು. ಮನೆಗಳು ಉತ್ತರದಲ್ಲಿ, ಕಚೇರಿಗಳು ದಕ್ಷಿಣದಲ್ಲಿ, ನಡುವೆ ಒಂದೇ ದಿಕ್ಕಿನ ಹಳಿಗಳು. ಗಂಡ ಎಂಟು ಗಂಟೆಗೆ ಹೊರಟರೆ ಅವನ ಊಟ ನೂಕುನುಗ್ಗಲು ಇಳಿದ ಮೇಲೆ ಸಾಮಾನಿನ ಬೋಗಿಯಲ್ಲಿ ಅದೇ ದಾರಿ ಹಿಡಿಯುತ್ತದೆ. ಮುಚ್ಚಳದ ಮೇಲಿನ ಅಂಕಿ–ಅಕ್ಷರಗಳನ್ನು ಓದಿ ಇಳಿಸಿಕೊಂಡರಾಯಿತು. ಇದನ್ನೇ ಬೆಂಗಳೂರಿನಲ್ಲಿ ಮಾಡಹೊರಟರೆ ಯಲಹಂಕದ ಡಬ್ಬಿ ಎಲೆಕ್ಟ್ರಾನಿಕ್ ಸಿಟಿ ತಲುಪುವಾಗ ಸಂಜೆಯ ಕಾಫಿ ಸಮಯ.

ಅಂದ ಮಾತ್ರಕ್ಕೆ ಈ ರೈಲನ್ನು ನಾನು ವೈಭವೀಕರಿಸುವುದಿಲ್ಲ. ಹಳಿ ದಾಟುವಾಗ, ಬಾಗಿಲಿನಿಂದ ಬಿದ್ದು, ಬೇರೆ ಕಾರಣಗಳೂ ಸೇರಿ, ಮುಂಬೈಯ ಉಪನಗರ ರೈಲು ಮಾರ್ಗಗಳಲ್ಲಿ ಈಗಲೂ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಬಾಗಿಲು ಮುಚ್ಚುವ ಹವಾನಿಯಂತ್ರಿತ ಲೋಕಲ್ 2017ರ ಡಿಸೆಂಬರಿನಲ್ಲಿ ಬಂತು. ಅಂಥವು ಇನ್ನೂ ಸಾಲದು. ಮಗಳಿಗೆ ಹೇಳಬೇಕಾದ ಮೊದಲ ಮಾತು ಇದು: ಓಡುವ ರೈಲಿಗೆ ಹಾರಬಾರದು, ಬಾಗಿಲಲ್ಲಿ ನೇತಾಡಬಾರದು, ಹಳಿ ದಾಟಬಾರದು. ಮುಂದಿನ ರೈಲು ನಾಲ್ಕೈದು ನಿಮಿಷದಲ್ಲಿ ಬರುತ್ತದೆ. ಆ ನಾಲ್ಕು ನಿಮಿಷಕ್ಕೆ ಜೀವ ಕೊಟ್ಟವರೂ ಮೇಲಿನ ಲೆಕ್ಕದಲ್ಲಿದ್ದಾರೆ.

ಇನ್ನು ಗಗನಚುಂಬಿ ಕಟ್ಟಡ ಮತ್ತು ತಗಡಿನ ಮನೆ. ಇವು ಅಕ್ಕಪಕ್ಕ ಇರುವುದು ಕಾಕತಾಳೀಯವಲ್ಲ. ಹಲವು ಕಡೆ ಎರಡನ್ನೂ ಒಂದೇ ಕಾನೂನು ಕಟ್ಟಿಸಿದೆ.

ಹತ್ತಿ ಗಿರಣಿಗಳ ಕಾಲದಿಂದ ಶುರುಮಾಡೋಣ. ಕಾವಸ್ಜಿ ದಾವರ್ 1854ರಲ್ಲಿ ಸ್ಥಾಪಿಸಿದ ಗಿರಣಿಯಿಂದ ಆರಂಭವಾಗಿ, ಪರೇಲ್–ಲಾಲ್‌ಬಾಗ್–ವರ್ಲಿಯ ಸುತ್ತ ಗಿರಣಿಗಳ ಊರೇ ಬೆಳೆಯಿತು. ಕೊಂಕಣದಿಂದ, ಘಟ್ಟದ ಮೇಲಿನ ‘ದೇಶ’ ಎಂಬ ಒಳನಾಡಿನಿಂದ ಬಂದ ಕೂಲಿಗಳು ಚಾಳುಗಳಲ್ಲಿ ಇಳಿದರು. ಸಾಲು ಕೋಣೆಗಳು, ಮುಂದೆ ಉದ್ದನೆಯ ಪಡಸಾಲೆ, ಕೊನೆಯಲ್ಲಿ ಎಲ್ಲರಿಗೂ ಸೇರಿದ ಶೌಚಾಲಯ. ಒಂದೇ ಕೋಣೆಯಲ್ಲಿ ಪಾಳಿಯ ಪ್ರಕಾರ ಮಲಗುತ್ತಿದ್ದರು, ರಾತ್ರಿ ಪಾಳಿಯವನು ಬಂದಾಗ ಹಗಲು ಪಾಳಿಯವನ ಹಾಸಿಗೆ ಖಾಲಿ. 1896ರ ಪ್ಲೇಗು ಈ ಇಕ್ಕಟ್ಟಿನಲ್ಲೇ ಹಬ್ಬಿತು. ಆಮೇಲೆ, 1898ರಲ್ಲಿ ಬಂದ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್, ಮಾಟುಂಗಾ, ಸಯನ್ ಕಡೆ ಅಗಲ ರಸ್ತೆ, ಮರ, ಉದ್ಯಾನಗಳಿರುವ ಹೊಸ ಬಡಾವಣೆಗಳನ್ನು ಮಾಡಿತು. ಮಾಟುಂಗಾದ ನೆರಳಿನ ಬೀದಿಗಳಲ್ಲಿ ನಡೆದಾಗ ನಿಮಗೆ ಇದೇ ಮುಂಬೈಯೇ ಎನಿಸಿದ್ದರೆ, ಅದರ ಹಿಂದೆ ಪ್ಲೇಗಿನ ಭಯವಿದೆ.

ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಬಾಡಿಗೆ ಗಗನಕ್ಕೇರಿತು. 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಹಳೆಯ ಬಾಡಿಗೆಯನ್ನೇ ಹೆಪ್ಪುಗಟ್ಟಿಸಿತು. ಅಂದಿನ ಬಡವರಿಗೆ ಅದು ಆಸರೆಯಾಯಿತು, ನಿಜ. ಆದರೆ ದಶಕಗಳು ಕಳೆದರೂ ಅದನ್ನು ಸಡಿಲಿಸಲು ಯಾವ ಸರ್ಕಾರಕ್ಕೂ ಧೈರ್ಯ ಬರಲಿಲ್ಲ. ಮಾಲೀಕನಿಗೆ ಬರುವ ಬಾಡಿಗೆ ಸುಣ್ಣ ಬಳಿಸಲೂ ಸಾಲದು, ಆದ್ದರಿಂದ ಕಟ್ಟಡಗಳು ಶಿಥಿಲವಾದವು. ಪ್ರತಿ ಮಳೆಗಾಲದಲ್ಲಿ ಹಳೆಯ ಕಟ್ಟಡವೊಂದು ಕುಸಿದ ಸುದ್ದಿಯನ್ನು ನೀವು ಓದುತ್ತೀರಿ. ಹೊಸದಾಗಿ ಬಾಡಿಗೆಗೆ ಮನೆ ಕಟ್ಟುವವರೇ ಇಲ್ಲವಾದರು. ಹೊಸಬರಿಗೆ ಉಳಿದ ದಾರಿಗಳು ಎರಡು: ಸಾಲ ಮಾಡಿ ಕೊಳ್ಳುವುದು, ಇಲ್ಲವೇ ಖಾಲಿ ಜಾಗದಲ್ಲಿ ತಗಡು ಹೊದಿಸುವುದು. ನಗರದ ಜನಸಂಖ್ಯೆಯ ಶೇ 40ಕ್ಕೂ ಹೆಚ್ಚು ಮಂದಿ ಕೊಳೆಗೇರಿಗಳಲ್ಲಿದ್ದಾರೆಂದು 2011ರ ಜನಗಣತಿ ಹೇಳಿತು. ಅವರಲ್ಲಿ ಪಾಲಿಕೆಯ ನೌಕರರಿದ್ದಾರೆ, ಪೊಲೀಸರಿದ್ದಾರೆ, ನಿಮ್ಮ ಮಗಳ ಕಚೇರಿಯ ಗುಮಾಸ್ತರೂ ಇರಬಹುದು. ಕೊಳೆಗೇರಿಯೆಂದರೆ ಕೆಲಸವಿಲ್ಲದವರ ಜಾಗವೆಂದು ನಮ್ಮ ಊರುಗಳಲ್ಲಿ ಕುಳಿತು ಊಹಿಸುತ್ತೇವೆ. ಧಾರಾವಿಯ ಕುಂಬಾರವಾಡದಲ್ಲಿ ಒಂದು ಬೆಳಿಗ್ಗೆ ನಿಂತರೆ ಆ ಊಹೆ ಉಳಿಯುವುದಿಲ್ಲ. ಮನೆಯ ಮುಂದೆಯೇ ಆವಿಗೆ, ಅದರ ಪಕ್ಕ ಒಣಗಲು ಇಟ್ಟ ಹಣತೆಗಳ ಸಾಲು, ಆಚೆ ಓಣಿಯಲ್ಲಿ ಚರ್ಮದ ಚೀಲ ಹೊಲಿಯುವ ಯಂತ್ರಗಳ ಸದ್ದು.

1995ರಲ್ಲಿ ಕೊಳೆಗೇರಿ ಪುನರ್ವಸತಿಯ ಹೊಸ ಯೋಜನೆ ಬಂತು. ಬಿಲ್ಡರ್ ಕೊಳೆಗೇರಿಯ ನಿವಾಸಿಗಳಿಗೆ ಅಲ್ಲಿಯೇ ಪುಕ್ಕಟೆ ಮನೆ ಕಟ್ಟಿಕೊಡಬೇಕು, ಅದಕ್ಕೆ ಪ್ರತಿಯಾಗಿ ಉಳಿದ ಜಾಗದಲ್ಲಿ ಹೆಚ್ಚುವರಿ ಮಹಡಿಗಳನ್ನು ಕಟ್ಟಿ ಮಾರಿಕೊಳ್ಳಬಹುದು. ಹಾಗಾಗಿ ಒಂದೇ ನಿವೇಶನದಲ್ಲಿ ಹಿಂದುಗಡೆ ಬೆಳಕು ಬೀಳದ ಒತ್ತೊತ್ತಾದ ಪುನರ್ವಸತಿ ಕಟ್ಟಡ, ಮುಂದುಗಡೆ ಈಜುಕೊಳವಿರುವ ಮೂವತ್ತು ಮಹಡಿ, ಇನ್ನೂ ಒಪ್ಪಿಗೆ ಕೊಡದವರ ತಗಡಿನ ಮನೆಗಳು ಪಕ್ಕದಲ್ಲಿ. ನೀವು ನೋಡಿದ್ದು ಇಂಥದ್ದೇ ಅರ್ಧಕ್ಕೆ ನಿಂತ ಲೆಕ್ಕಾಚಾರವಿರಬೇಕು.

ಗಿರಣಿಗಳ ನೆಲದ ವಿಷಯ ಇನ್ನೂ ನೋವಿನದು. 1982ರ ಜನವರಿಯಲ್ಲಿ ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅದು ಅಧಿಕೃತವಾಗಿ ಮುಗಿಯಲೇ ಇಲ್ಲ, ಗಿರಣಿಗಳೇ ಮುಗಿದವು. ಆ ನೆಲವನ್ನು ಮರಳಿ ಅಭಿವೃದ್ಧಿಪಡಿಸುವಾಗ ಮೂರನೇ ಒಂದು ಪಾಲು ಬಯಲಿಗೆ, ಇನ್ನೊಂದು ಪಾಲು ಸಾಮಾನ್ಯರ ವಸತಿಗೆ, ಉಳಿದದ್ದು ಮಾಲೀಕರಿಗೆ ಎಂದು 1991ರ ನಿಯಮ ಹೇಳಿತ್ತು. 2001ರ ತಿದ್ದುಪಡಿಯಲ್ಲಿ ಈ ಹಂಚಿಕೆ ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಎಂದಾಯಿತು. ಗಿರಣಿಗಳಲ್ಲಿ ಖಾಲಿ ಜಾಗ ಇದ್ದದ್ದೇ ಕಡಿಮೆ. 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಲೋವರ್ ಪರೇಲ್‌ನ ಮಾಲ್‌ಗಳ ನಡುವೆ ಈಗಲೂ ಕಾಣುವ ಹಳೆಯ ಚಿಮಣಿಯ ಫೋಟೋ ತೆಗೆದುಕೊಳ್ಳುವವರು ಇದನ್ನೂ ತಿಳಿದಿದ್ದರೆ ಚೆನ್ನ. ನನ್ನನ್ನು ಕೇಳಿದರೆ, ಕಳೆದ ಐವತ್ತು ವರ್ಷಗಳಲ್ಲಿ ಆ ನಗರ ಕೈಚೆಲ್ಲಿದ ಅತಿ ದೊಡ್ಡ ಅವಕಾಶ ಅದೇ.

ಸಮುದ್ರದ ಬಗ್ಗೆ ನಿಮ್ಮ ಬೇಸರ ನ್ಯಾಯವಾದದ್ದು. ಕೊಳಚೆಯ ದೊಡ್ಡ ಪಾಲು ಸರಿಯಾದ ಶುದ್ಧೀಕರಣವಿಲ್ಲದೆ ಕಡಲು ಸೇರುತ್ತಿದೆ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಮರೈನ್ ಡ್ರೈವ್‌ನಲ್ಲಿ ನೀವು ಕಂಡ ನಾಲ್ಕು ಕಾಲಿನ ಕಾಂಕ್ರೀಟ್ ಬಂಡೆಗಳು ಅಲೆಯ ಹೊಡೆತ ತಡೆಯಲು ಇಟ್ಟವು. ಜನ ಅವುಗಳ ಮೇಲೆ ಇಳಿದು ಕೂರುವುದು ಅಪಾಯ. ಆದರೆ ಕಡಲನ್ನು ನೋಡಬೇಕಾದದ್ದು ಅಲ್ಲಲ್ಲ. ಕೊಲಾಬಾದ ಸಸೂನ್ ಡಾಕ್‌ಗೆ ಬೆಳಗಿನ ಜಾವ ಹೋಗಬೇಕು. 1875ರ ಹಳೆಯ ಹಡಗುಕಟ್ಟೆ ಅದು. ದೋಣಿಯಿಂದ ಬುಟ್ಟಿಗಳು ಒಬ್ಬರ ಕೈಯಿಂದ ಒಬ್ಬರಿಗೆ ಹಾರುತ್ತಾ ಮೇಲೆ ಬರುತ್ತವೆ. ಕಚ್ಚೆಸೀರೆ ಉಟ್ಟು ಸೊಂಟದ ಮೇಲೆ ಕೈಯಿಟ್ಟ ಕೋಲಿ ಸಮುದಾಯದ ಹೆಂಗಸರು ಮೀನಿನ ರಾಶಿಯ ಮುಂದೆ ನಿಂತು ಹರಾಜು ಕೂಗುತ್ತಾರೆ. ಪಕ್ಕದಲ್ಲಿ ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಸಿಗಡಿ ಸುಲಿಯುವವರ ಬೆರಳಿನ ವೇಗವನ್ನು ಕಣ್ಣು ಹಿಡಿಯಲಾರದು. ವಾಸನೆ ತಡೆಯುವ ಶಕ್ತಿ ಬೇಕು, ಚಪ್ಪಲಿ ಹಾಳಾಗುತ್ತದೆ. ಈ ಕೋಲಿ ಜನರೇ ಆ ದ್ವೀಪಗಳ ಮೂಲನಿವಾಸಿ ಬೆಸ್ತರು. ವರ್ಲಿ, ಮಾಹಿಮ್, ವೆರ್ಸೋವಾಗಳಲ್ಲಿ ಅವರ ಕೇರಿಗಳಾದ ಕೋಲಿವಾಡಗಳು ಈಗಲೂ ಇವೆ. ಎಲ್ಲರೂ ಹೊರಗಿನಿಂದ ಬಂದ ಊರೆಂದು ಮುಂಬೈಯನ್ನು ಬಣ್ಣಿಸುವವರು ಇವರನ್ನು ಮರೆಯುತ್ತಾರೆ. ಜೂನ್, ಜುಲೈನಲ್ಲಿ ಮಾತ್ರ ಹೋಗಬೇಡಿ, ಆಗ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ.

ಮಳೆಗಾಲದಲ್ಲಿ ಆ ಊರಿನವರು ಮಳೆಯ ಜೊತೆಗೆ ಉಬ್ಬರವಿಳಿತದ ವೇಳಾಪಟ್ಟಿಯನ್ನೂ ನೋಡುತ್ತಾರೆ. ಕಡಲು ತುಂಬಿಸಿ ಮಾಡಿದ ನೆಲವಾದ್ದರಿಂದ ಅನೇಕ ಕಡೆ ಚರಂಡಿಗಳ ಬಾಯಿ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಉಬ್ಬರ ಏರಿದಾಗ ಮಳೆಯ ನೀರು ಹೊರಹೋಗುವ ಬದಲು ಕಡಲೇ ಒಳಗೆ ಬರಲು ನೋಡುತ್ತದೆ. ಬಾಗಿಲು ಹಾಕಿ ಪಂಪಿನಿಂದ ಎತ್ತಿ ಹೊರಹಾಕಬೇಕು. ಬ್ರಿಟಿಷರ ಕಾಲದ ಚರಂಡಿಗಳ ಅಳತೆ ಗಂಟೆಗೆ 25 ಮಿಲಿಮೀಟರ್ ಮಳೆಗೆ ಮಾತ್ರ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ ಸುರಿದದ್ದು 944 ಮಿಲಿಮೀಟರ್. ನಿಮ್ಮ ಚಿತ್ರದುರ್ಗದಲ್ಲಿ ಇಡೀ ವರ್ಷಕ್ಕೂ ಅಷ್ಟು ಮಳೆ ಬರುವುದಿಲ್ಲ. ಆ ದಿನ ಅಪರಿಚಿತರ ಮನೆಯಲ್ಲಿ ರಾತ್ರಿ ಕಳೆದವರು, ಹೆದ್ದಾರಿಯಲ್ಲಿ ಸಿಕ್ಕಿಬಿದ್ದವರಿಗೆ ಬಿಸ್ಕತ್ತು, ನೀರು ಹಂಚಿದ ಕೊಳೆಗೇರಿಯ ಜನ, ಎಲ್ಲವೂ ನಿಜ. ಮೀಠಿ ನದಿಯ ಪಾತ್ರವನ್ನು ಒತ್ತರಿಸಿ ಕಟ್ಟಡ ಕಟ್ಟಿದ್ದೂ ಅಷ್ಟೇ ನಿಜ.

ನಲ್ಲಿ ನೀರು ಸ್ವಲ್ಪ ಹೊತ್ತು ಬರುವುದಕ್ಕೆ ಬೇರೆಯದೇ ಕಾರಣವಿದೆ. ಈ ಊರು ಏಳು ಕೆರೆ–ಜಲಾಶಯಗಳ ನೀರು ಕುಡಿಯುತ್ತದೆ. ಅವುಗಳಲ್ಲಿ ವಿಹಾರ್ ಮತ್ತು ತುಳಸಿ ಮಾತ್ರ ನಗರದೊಳಗಿವೆ. ವೈತರಣಾ, ಭಾತ್ಸಾ, ತಾನ್ಸಾಗಳ ನೀರು ಸಹ್ಯಾದ್ರಿಯ ಕಡೆಯಿಂದ ದೊಡ್ಡ ದೊಡ್ಡ ಕೊಳವೆಗಳಲ್ಲಿ ಬರುತ್ತದೆ. ಬಂದ ನೀರನ್ನು ಪಾಲಿಕೆ ಬಡಾವಣೆಗಳಿಗೆ ಪಾಳಿಯ ಮೇಲೆ ಬಿಡುತ್ತದೆ. ಉದ್ದನೆಯ ಕೀಲಿ ಹಿಡಿದು ವಾಲ್ವ್ ತಿರುಗಿಸುತ್ತಾ ದಿನವಿಡೀ ಓಡಾಡುವ ನೌಕರರಿಗೆ ಅಲ್ಲಿ ಚಾವಿವಾಲಾ ಎಂಬ ಹೆಸರು. ನಿಮ್ಮ ಮಗಳ ಬೀದಿಯ ಬೆಳಗು ಎಷ್ಟು ಗಂಟೆಗೆ ಆಗಬೇಕೆಂದು ನಿರ್ಧರಿಸುವವನು ಅವನೇ. ಕಟ್ಟಡಕ್ಕೆ ನೆಲದಡಿಯ ತೊಟ್ಟಿ ಮತ್ತು ಮೇಲಿನ ಟ್ಯಾಂಕು ಸರಿಯಾಗಿದ್ದರೆ ಇದರ ಬಾಧೆ ಗೊತ್ತಾಗುವುದಿಲ್ಲ. ಮನೆ ನೋಡುವಾಗ ಕಿಟಕಿಗಿಂತ ಮೊದಲು ಇದನ್ನು ವಿಚಾರಿಸಬೇಕು.

ಕನ್ನಡದವರ ಕುರಿತು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಗಳು ಅಲ್ಲಿ ಒಂಟಿಯಲ್ಲ. ಉಡುಪಿ, ಮಂಗಳೂರು ಕಡೆಯಿಂದ ಹತ್ತು–ಹನ್ನೆರಡು ವರ್ಷದ ಹುಡುಗರು ಮುಂಬೈಯ ಹೋಟೆಲುಗಳಿಗೆ ಕೆಲಸಕ್ಕೆ ಬಂದ ಕಾಲವೊಂದಿತ್ತು. ಹಗಲು ಟೇಬಲ್ ಒರೆಸಿ, ಲೋಟ ತೊಳೆದು, ರಾತ್ರಿ ಕನ್ನಡಿಗರೇ ನಡೆಸುತ್ತಿದ್ದ ರಾತ್ರಿಶಾಲೆಗಳಲ್ಲಿ ಕೂತು ಮೆಟ್ರಿಕ್ ಮುಗಿಸಿದರು. ಅವರಲ್ಲಿ ಹಲವರು ಮುಂದೆ ಗಲ್ಲಾಪೆಟ್ಟಿಗೆಯ ಹಿಂದೆ ಮಾಲೀಕರಾಗಿ ಕೂತರು, ಕೆಲವರು ವಕೀಲರಾದರು, ಬ್ಯಾಂಕಿಗೆ ಸೇರಿದರು. ಮಾಟುಂಗಾದಲ್ಲಿ 1926ರ ಮೈಸೂರು ಅಸೋಸಿಯೇಷನ್ ಇದೆ. 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘ ಹತ್ತಿರದಲ್ಲೇ ಇದೆ. ಮುಂಬೈ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ. ಯಕ್ಷಗಾನ, ನಾಟಕ, ಪುಸ್ತಕ ಬಿಡುಗಡೆಗಳಿಗೆ ಭಾನುವಾರ ಸಾಲದಾಗುವಷ್ಟು ಚಟುವಟಿಕೆ. ಮಾಟುಂಗಾ ನಿಲ್ದಾಣದ ಬಳಿ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಲೆಯ ಮೇಲೆ ಊಟ ಸಿಗುತ್ತದೆ. ಮಗಳಿಗೆ ಮನೆಯ ನೆನಪಾದಾಗ ನೀವು ಫೋನಿನಲ್ಲಿ ಸಮಾಧಾನ ಹೇಳುವುದಕ್ಕಿಂತ ಅಲ್ಲಿಯ ಸಾರು ಹೆಚ್ಚು ಕೆಲಸ ಮಾಡೀತು.

ಈಗ ನಿಮ್ಮ ಕೊನೆಯ ಪ್ರಶ್ನೆ. ಹೌದು, ಬಿಡಬಹುದು. ರಾತ್ರಿ ಹತ್ತರ ಲೋಕಲ್‌ನಲ್ಲಿ ಕೆಲಸ ಮುಗಿಸಿ ಮರಳುವ ಹೆಂಗಸರು ಅಷ್ಟೊಂದು ಸಂಖ್ಯೆಯಲ್ಲಿ ಕಾಣುವ ನಗರ ನಮ್ಮ ದೇಶದಲ್ಲಿ ಕಡಿಮೆ. ರಾತ್ರಿ ಹೊತ್ತು ಮಹಿಳಾ ಬೋಗಿಗಳಿಗೆ ಪೊಲೀಸರನ್ನು ನಿಯೋಜಿಸುವ ಪದ್ಧತಿಯಿದೆ. ಆ ಬೋಗಿ ಖಾಲಿಯಾಗಿದ್ದರೆ ಮಾತ್ರ ಒಬ್ಬಳೇ ಹತ್ತದೆ, ಜನರಿರುವ ಬೋಗಿ ನೋಡಿ ಹತ್ತಲು ಹೇಳಿ. ಒಬ್ಬಳೇ ದುಡಿಯುವ ಹುಡುಗಿಯನ್ನು ಅಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ‘ಯಾರೂ ಮುಖ ನೋಡುವುದಿಲ್ಲ’ ಎಂಬುದು ತಾಯಿಯಾದ ನಿಮಗೆ ಕೊರತೆಯಾಗಿ ಕಂಡೀತು. ಇಪ್ಪತ್ಮೂರರ ಮಗಳಿಗೆ ಅದು ಬಿಡುಗಡೆಯಾಗಿ ಕಾಣಬಹುದು, ಈ ಬಗ್ಗೆ ಅವಳನ್ನೇ ಕೇಳಿ ನೋಡಿ.

ಮನೆ ಹುಡುಕುವಾಗ ಬಾಡಿಗೆಗಿಂತ ಮೊದಲು ರೈಲು ಮಾರ್ಗ ನೋಡಬೇಕು. ಕಚೇರಿ ಪಶ್ಚಿಮ ಮಾರ್ಗದಲ್ಲಿದ್ದರೆ ಮನೆಯೂ ಅದರಲ್ಲೇ ಇರಲಿ. ಐದು ಸಾವಿರ ಉಳಿಯುತ್ತದೆಂದು ಮಧ್ಯ ಮಾರ್ಗದಲ್ಲಿ ಮನೆ ಹಿಡಿದರೆ ಎರಡೂ ಮಾರ್ಗಗಳು ಸೇರುವ ದಾದರ್‌ನ ಸೇತುವೆಯ ಮೇಲೆ ದಿನಕ್ಕೆರಡು ಸಲ ಆ ಐದು ಸಾವಿರವನ್ನು ಮೈಯಿಂದ ತೀರಿಸಬೇಕಾಗುತ್ತದೆ. ಈಚೆಗೆ ಮೆಟ್ರೊಗಳು ಬಂದಿವೆ, 2014ರಲ್ಲಿ ಶುರುವಾದ ವೆರ್ಸೋವಾ–ಘಾಟ್ಕೋಪರ್ ಮಾರ್ಗ ಎರಡು ರೈಲು ಮಾರ್ಗಗಳನ್ನು ಅಡ್ಡವಾಗಿ ಜೋಡಿಸುತ್ತದೆ. ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್‌ನಂಥ ಕಡೆ ಕಚೇರಿ ಇದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಆಟೋ ನಂಬಿ ದಕ್ಷಿಣ ಮುಂಬೈಗೆ ಹೋಗಲಾಗದು. ಬಾಂದ್ರಾ, ಸಯನ್‌ನಿಂದ ಆಚೆ ದಕ್ಷಿಣಕ್ಕೆ ಆಟೋಗಳಿಗೆ ಪ್ರವೇಶವಿಲ್ಲ, ಟ್ಯಾಕ್ಸಿ ಅಥವಾ ‘ಬೆಸ್ಟ್’ ಎಂಬ ನಗರ ಸಾರಿಗೆಯ ಬಸ್ಸೇ ಗತಿ.

ಪೇಯಿಂಗ್ ಗೆಸ್ಟ್ ಬಿಟ್ಟು ಗೆಳತಿಯರ ಜೊತೆ ಮನೆ ಮಾಡುವುದಾದರೆ, ಅಲ್ಲಿ ಬಾಡಿಗೆ ಕರಾರಿನ ಬದಲು ಹನ್ನೊಂದು ತಿಂಗಳ ‘ಲೀವ್ ಅಂಡ್ ಲೈಸೆನ್ಸ್’, ಅಂದರೆ ಇರಲು ಬರಿಯ ಅನುಮತಿ ಕೊಡುವ ಕರಾರು ಮುಂದಿಡುತ್ತಾರೆ. 1947ರ ಕಾಯ್ದೆಯ ಭಯದಿಂದ ಬೆಳೆದ ಅಭ್ಯಾಸವದು, ಬಾಡಿಗೆದಾರ ಎಂಬ ಹಕ್ಕು ಹುಟ್ಟದಿರಲಿ ಎಂದು. ಅದಕ್ಕೆ ಗಾಬರಿಯಾಗಬೇಕಿಲ್ಲ. ಆದರೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಆ ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿಯಾಗಬೇಕು, ನೋಂದಣಿ ಮಾಡಿಸುವ ಹೊಣೆ ಮನೆ ಮಾಲೀಕರದು. ‘ನೋಟರಿ ಸಾಕು’ ಎಂದು ದಲ್ಲಾಳಿ ಹೇಳಿದರೆ ಮಗಳು ಒಪ್ಪಕೂಡದು. ನೋಂದಣಿಯಾದ ಪ್ರತಿ ಕೈಗೆ ಬಂದ ಮೇಲೆಯೇ ಮುಂಗಡದ ಉಳಿದ ಹಣ ಕೊಡಲಿ.